ಕುರಿ ದ್ವೀಪದ ಗಾಳಿ

ನಮ್ಮೂರಿನಲ್ಲಿ ನಲವತ್ತು ದಾಟಿದ ಕೆಲವರಿಗೆ ಲೋಕ ಹಿಡಿಯುತ್ತದೆ. ಒಂದು ಬೆಳಿಗ್ಗೆ ಎದ್ದು ಹಲ್ಲುಜ್ಜುವ ಹೊತ್ತಿಗೆ ಭೂಮಿಯ ಮೇಲಿನ ಎಲ್ಲ ಗಾಳಿ, ಎಲ್ಲ ಬಿಸಿಲು, ಎಲ್ಲ ಮಳೆ, ಆಗಿಹೋದದ್ದೂ ಮುಂದೆ ಆಗುವುದೂ, ಅವರ ತಲೆಯೊಳಗೆ ಬಂದು ಕೂತಿರುತ್ತದೆ. ಹಾಗೆಂದು ಅವರು ಕೆಲಸ ಬಿಡುವುದಿಲ್ಲ. ದರ್ಜಿ ಹೊಲಿಯುತ್ತಲೇ ಇರುತ್ತಾನೆ, ಮೇಷ್ಟ್ರು ಮಗ್ಗಿ ಹೇಳಿಸುತ್ತಲೇ ಇರುತ್ತಾರೆ. ಅಂಥವರನ್ನು ನಾವು ಲೋಕದವರು ಎನ್ನುತ್ತೇವೆ. ನಾನು ಹೇಳುತ್ತಿರುವ ಕಾಲಕ್ಕೆ ಇಪ್ಪತ್ತಾರು ಮಂದಿ ಇದ್ದರು. ತೊಂದರೆ ಏನೆಂದರೆ ಇಪ್ಪತ್ತಾರು ಮಂದಿಯ ಲೋಕವೂ ಬೇರೆ ಬೇರೆ. ಇನ್ನು ಮೂವತ್ತು ವರ್ಷಕ್ಕೆ ನಮ್ಮ ಹೊಳೆ ಬತ್ತುತ್ತದೆ ಎಂದು ಒಬ್ಬರು, ಉಕ್ಕುತ್ತದೆ ಎಂದು ಇನ್ನೊಬ್ಬರು. ಯಾರೂ ಸುಳ್ಳು ಹೇಳುವವರಲ್ಲ. ಅದಕ್ಕೇ ಹನ್ನೆರಡು ವರ್ಷಕ್ಕೊಮ್ಮೆ ಅವರಲ್ಲಿ ಐವರನ್ನು ಆರಿಸಬೇಕು, ಆ ಐವರ ಮಾತು ನೋಡಿಕೊಂಡು ಊರು ಒಡ್ಡು ಕಟ್ಟಬೇಕು, ಬಾವಿ ತೋಡಬೇಕು. ಆರಿಸುವ ಕೆಲಸ ನನ್ನದು.

ಗಂಗಾಂಬಿಕೆ ಎಂದು ನನಗೊಂದು ಹೆಸರಿದೆ. ಆದರೆ ಊರಿಗೆ ನಾನು ಆಯ್ಕೆಯಮ್ಮ. ಆಯ್ಕೆಯಮ್ಮ ಯಾರ ಮನೆಯಲ್ಲೂ ಊಟ ಮಾಡುವ ಹಾಗಿಲ್ಲ, ಯಾರಿಗೂ ಹತ್ತಿರದವಳಾಗುವ ಹಾಗಿಲ್ಲ. ಎಲ್ಲಕ್ಕಿಂತ ದೊಡ್ಡ ನಿಯಮ, ತಾನು ಆರಿಸಿದ ಐವರ ಜೊತೆ ಅವರ ಹನ್ನೆರಡು ವರ್ಷದ ಅವಧಿ ಮುಗಿಯುವವರೆಗೆ ಒಂದು ಮಾತೂ ಆಡುವಂತಿಲ್ಲ. ಅವರು ಚಾವಡಿಯಲ್ಲಿ ಎಲ್ಲರೆದುರು ಹೇಳುತ್ತಾರೆ, ನಾನು ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತೇನೆ, ಅಷ್ಟೇ. ಆರಿಸಲ್ಪಡದವರ ಜೊತೆ ಮಾತಾಡುವ ಬಗ್ಗೆ ನಿಯಮ ಏನೂ ಹೇಳುವುದಿಲ್ಲ. ಅವರನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಹೀಗೆ ವರ್ಷಗಟ್ಟಲೆ ಬದುಕಿದರೆ ಮನುಷ್ಯರಿಗೆ ಏನಾಗುತ್ತದೋ ನನಗೂ ಅದೇ ಆಯಿತು. ಅಂಗಡಿಯಲ್ಲಿ ಬೇಳೆ ಕೊಳ್ಳುವಾಗ ಬೇಕೆಂದೇ ಚಿಲ್ಲರೆ ಹುಡುಕುತ್ತ ನಿಲ್ಲುತ್ತಿದ್ದೆ, ಎರಡು ಮಾತು ಹೆಚ್ಚು ಸಿಗಲಿ ಎಂದು.

ಮೊದಲ ಆಯ್ಕೆಯಲ್ಲಿ ನಾನು ತಪ್ಪು ಮಾಡಿದೆ. ಈಗಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟಳು ಎನ್ನಬಾರದು. ಆಗ ಇಪ್ಪತ್ತಾರು ಮಂದಿಯನ್ನೂ ಒಬ್ಬೊಬ್ಬರಾಗಿ ಕೂರಿಸಿ ಕೇಳಿದಾಗ ಗವಿಮನೆಯ ನಾಲ್ವರು ಹೆಚ್ಚು ಕಡಿಮೆ ಒಂದೇ ಮಾತು ಹೇಳಿದರು. ಮಳೆ ಇಷ್ಟು, ಸೆಕೆ ಇಷ್ಟು, ಹೊಳೆ ಹತ್ತು ಮೊಳ ದಾಟುವುದಿಲ್ಲ. ನಾಲ್ವರು ಬೇರೆ ಬೇರೆ ದಿನ ಬಂದು ಒಂದೇ ಮಾತು ಹೇಳಿದರೆ ಅದು ನಿಜವಲ್ಲದೆ ಇನ್ನೇನು ಅಂದುಕೊಂಡೆ. ನಾಲ್ವರನ್ನೂ ಆರಿಸಿದೆ. ಅವರಿಗೆ ಹೊಂದುವ ಇನ್ನೊಬ್ಬರನ್ನು ಹುಡುಕಿ ಐದು ಮಾಡಿದೆ. ಆ ನಾಲ್ವರೂ ಒಬ್ಬಳೇ ಅಜ್ಜಿಯ ಒಲೆ ಮುಂದೆ ಕೂತು ಬೆಳೆದವರು, ಅಜ್ಜಿಯ ಲೋಕವೇ ಒಂದಿಷ್ಟು ಸಣ್ಣಪುಟ್ಟ ಬದಲಾವಣೆಯೊಂದಿಗೆ ಅವರನ್ನು ಹಿಡಿದಿತ್ತು ಎಂಬುದು ನನಗೆ ಹೊಳೆಯಲಿಲ್ಲ. ನಾಲ್ಕು ಸಾಕ್ಷಿ ಸಿಕ್ಕಿತೆಂದು ಹಿಗ್ಗಿದ್ದೆ. ಇದ್ದದ್ದು ಒಂದೇ ಸಾಕ್ಷಿ, ನಾಲ್ಕು ಬಾಯಿ.

ಊರು ಹನ್ನೊಂದು ಮೊಳದ ಒಡ್ಡು ಕಟ್ಟಿತು. ನಮ್ಮಲ್ಲಿ ಮಳೆ ಸಮುದ್ರದ ಕಡೆಯಿಂದ ಬರುತ್ತದೆ. ಎಲ್ಲೋ ಅಪರೂಪಕ್ಕೆ ಗುಡ್ಡದ ಬೆನ್ನ ಕಡೆಯಿಂದ ಬರುತ್ತದೆ, ಅದನ್ನು ಹಿಂಗಾಳಿ ಮಳೆ ಎನ್ನುತ್ತೇವೆ, ಬಂದರೆ ಮೂರು ದಿನ ನಿಲ್ಲುವುದಿಲ್ಲ. ಏಳನೆಯ ವರ್ಷ ಅದು ಬಂತು. ಹೊಳೆ ಹದಿನಾಲ್ಕು ಮೊಳ ಏರಿ ಒಡ್ಡು ದಾಟಿ ಮಗ್ಗದ ಬೀದಿಗೆ ನುಗ್ಗಿತು. ಮೂವತ್ತು ಮನೆ ಹೋದವು. ಒಬ್ಬ ಮುದುಕ, ಇಬ್ಬರು ಅಕ್ಕತಂಗಿಯರು ಹೋದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಬರುವುದನ್ನು ಕಂಡರೆ ಜನ ಮಾತು ನಿಲ್ಲಿಸಿ ದಾರಿ ಬಿಡುತ್ತಿದ್ದರು. ಬೇಳೆ ಅಂಗಡಿಯವನು ಕೂಡ ನಾನು ಬಾಯಿ ತೆರೆಯುವ ಮೊದಲೇ ಪೊಟ್ಟಣ ಕಟ್ಟಿಡತೊಡಗಿದ.

ಹೊಳೆ ಇಳಿದು ಒಂದು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಬಾಗಿಲಲ್ಲಿ ಹಾಲಪ್ಪ ನಿಂತಿದ್ದ. ಕೌದಿ ಹೊಲಿಯುವವನು, ಹೆಂಡತಿ ತೀರಿಕೊಂಡ ಮೇಲೆ ಮಗ್ಗದ ಬೀದಿಯಲ್ಲಿ ಒಬ್ಬನೇ ಇದ್ದವನು. ಅವನೂ ಲೋಕದವನೇ. ಮೊದಲ ಆಯ್ಕೆಯಲ್ಲಿ ನಾನು ನಗುತ್ತ ಬಿಟ್ಟವರಲ್ಲಿ ಮೊದಲನೆಯವನು. ಹೆಗಲ ಮೇಲೆ ಒದ್ದೆ ಬಟ್ಟೆಯ ದೊಡ್ಡ ಗಂಟಿತ್ತು.

"ನಿಮ್ಮ ಕಾಂಪೌಂಡು ಗೋಡೆಗೆ ಬಿಸಿಲು ಚೆನ್ನಾಗ್ ಬೀಳುತ್ತೆ. ನಾಲ್ಕು ಕೌದಿ ಹಾಕ್ಕೊಳ್ಳಲಾ, ಗಂಗಾಂಬಿಕೆಯೋರೆ?" ಎಂದ.

ನನ್ನ ಹೆಸರು ನನ್ನ ಕಿವಿಗೇ ಬೇರೆ ಯಾರದ್ದೋ ಅನ್ನಿಸಿತು. ಹಾಕಿಕೊಳ್ಳಿ ಎಂದೆ. ಅವನು ಕೌದಿ ಹರವುವ ಹೊತ್ತಿಗೆ ನಾನು ಒಳಗೆ ಹೋಗಿ ಬೆಲ್ಲದ ಕಾಫಿ ಮಾಡಿ ತಂದೆ. ನಾನು ಬೇರೆಯವರ ಮನೆಯಲ್ಲಿ ಉಣ್ಣಬಾರದೇ ಹೊರತು ನನ್ನ ಮನೆಯಲ್ಲಿ ಬೇರೆಯವರು ಕಾಫಿ ಕುಡಿಯಬಾರದೆಂದು ನಿಯಮವಿಲ್ಲ. ಕುಡಿದವರಿರಲಿಲ್ಲ, ಅಷ್ಟೇ. ಮರುದಿನ ಕೌದಿ ಒಣಗಿತು. ಅವನು ಮಾತ್ರ ಬರುವುದನ್ನು ಬಿಡಲಿಲ್ಲ. ಐದು ವರ್ಷ, ದಿನಾ ಸಂಜೆ, ಏನಾದರೂ ಒಂದು ಬಟ್ಟೆ ಒಣಹಾಕುವ ನೆಪ ಹಿಡಿದು ಬರುತ್ತಿದ್ದ. ಒಗೆದೇ ಇರದ ಬಟ್ಟೆಯನ್ನೂ ಒಮ್ಮೊಮ್ಮೆ ಒಣಹಾಕುತ್ತಿದ್ದ.

"ನನ್ನ ಲೋಕ ಕೌದಿ ಇದ್ದಂಗೆ," ಎನ್ನುತ್ತಿದ್ದ. "ದೊಡ್ಡ ದೊಡ್ಡ ತುಂಡು. ಈ ಗುಡ್ಡ, ಸಮುದ್ರ, ಮಧ್ಯದ ಏಳೆಂಟು ಊರು, ಎಲ್ಲಾ ಸೇರಿ ಒಂದೇ ತುಂಡು, ಒಂದೇ ಬಣ್ಣ. ನಿಮ್ಮನೆ ಅದ್ರಲ್ಲಿ ಒಂದು ಹೊಲಿಗೆ ಕೂಡ ಅಲ್ಲ."

"ನಿಮ್ಮನೆ?"

"ನಮ್ಮನೇನ ಹೊಳೆ ಒಯ್ತಲ್ಲ, ಊರಲ್ಲೂ ಇಲ್ಲ, ಲೋಕದಲ್ಲೂ ಇಲ್ಲ," ಎಂದು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ನನ್ನ ಹತ್ತಿರ ಹಳೆಯ ಬಿಸ್ಕತ್ತಿನ ಡಬ್ಬ ಒಂದಿದೆ, ಕಾಫಿಪುಡಿ ಹಾಕಿಡುವುದು. ಅದರ ಮುಚ್ಚಳದ ಮೇಲೆ ಒಂದು ಚಿತ್ರ: ಕಪ್ಪು ಬಂಡೆ, ಹುಲ್ಲು, ಸುತ್ತ ಸಮುದ್ರ, ಒಂಬತ್ತು ಕುರಿ. ಒಂದು ದಿನ ತಮಾಷೆಗೆ ಮುಚ್ಚಳ ತೋರಿಸಿ, ಇಲ್ಲಿ ಈಗ ಹವೆ ಹೇಗಿದೆ ಹೇಳಿ ನೋಡೋಣ ಎಂದೆ. ಅವನು ಮುಚ್ಚಳವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ.

"ಇದು ತುಂಬಾ ಬಡಗಡೆಗೆ, ಉತ್ತರದ ತುದಿಗೆ. ಇಂಥ ದ್ವೀಪ ನಾಲ್ಕೈದಿವೆ. ಇವತ್ತು ಜಡಿ ಮಳೆ, ಗಾಳಿ ಸ್ವಲ್ಪ ಜೋರು."

"ಕುರಿ?"

"ಕುರಿ ನನಗೆ ಕಾಣಲ್ಲಮ್ಮ. ಗಾಳಿ ಮಾತ್ರ ಕಾಣೋದು."

"ಇವತ್ತು ಅಂತ ಹೇಗೆ ಹೇಳ್ತೀರಿ? ಲೋಕದವರಿಗೆ ಇಸವಿಯೇ ಸರಿಯಾಗಿ ಸಿಗಲ್ಲ."

"ಇವತ್ತೋ ಇನ್ನೊಂದಿನವೋ. ಅಲ್ಲಿನ ಒಂದು ದಿನ ಅಂದ್ರೆ ಹಿಂಗಿರುತ್ತೆ ಅಂದ್ಕೊಳ್ಳಿ," ಎಂದ.

ಅಲ್ಲಿಂದ ಮುಂದೆ ದಿನಾ ಬಂದವನೇ ಮೊದಲು ಕುರಿ ದ್ವೀಪದ ವರದಿ ಒಪ್ಪಿಸುತ್ತಿದ್ದ. ಇವತ್ತು ಮಂಜು. ಇವತ್ತು ಬಿಸಿಲು ಬಂದು ಹೋಯಿತು. ಇವತ್ತು ಗಾಳಿಗೆ ನಿಲ್ಲೋಕಾಗಲ್ಲ. ಆಮೇಲೆ ಕಾಫಿ. ಅವನು ಬರುವುದು ಐದು ನಿಮಿಷ ತಡವಾದರೆ ನಾನು ಗೇಟಿನ ಹತ್ತಿರ ಗಿಡಕ್ಕೆ ನೀರು ಹಾಕುತ್ತಿದ್ದೆ. ಆ ಗಿಡ ನೀರು ಹೆಚ್ಚಾಗಿಯೇ ಸತ್ತಿತು.

ಎರಡನೆಯ ಆಯ್ಕೆಯ ಕಾಲ ಬಂತು. ನನಗೆ ಐವತ್ತೆಂಟು, ಅವನಿಗೆ ಅರವತ್ತನಾಲ್ಕು. ಇಪ್ಪತ್ತಾರು ದಿನ ಚಾವಡಿಯಲ್ಲಿ ವಿಚಾರಣೆ, ದಿನಕ್ಕೊಬ್ಬರು. ಮುಂದೆ ಏನಾಗುತ್ತದೆ ಎಂದು ಆಗ ಕೇಳುವುದಿಲ್ಲ. ಅದನ್ನು ಸರಿಯೋ ತಪ್ಪೋ ನೋಡುವುದಕ್ಕೆ ಯಾರ ಹತ್ತಿರ ಏನಿದೆ? ಹಿಂದಿನ ತೊಂಬತ್ತು ವರ್ಷ ಕೇಳುತ್ತೇವೆ. ನಮ್ಮಲ್ಲಿ ತೊಂಬತ್ತು ವರ್ಷದ ಮಳೆ ಪುಸ್ತಕವಿದೆ, ಗುಡ್ಡದ ಮೇಲೆ, ಹೊಳೆ ದಂಡೆಯಲ್ಲಿ, ಪೇಟೆಯಲ್ಲಿ, ಸಮುದ್ರದ ಬಳಿ ನಾಲ್ಕು ಹಿತ್ತಾಳೆ ಪಾತ್ರೆಯಲ್ಲಿ ಅಳೆದದ್ದು. ಲೋಕದವರಿಗೆ ನಾಲ್ಕೂ ಕಡೆ ಸೇರಿ ಒಂದೇ ತುಂಡಾದ್ದರಿಂದ ನಾನೂ ನಾಲ್ಕರ ಅಳತೆಯನ್ನು ಒಂದು ಮಾಡಿಕೊಂಡು ಅವರ ಮಾತಿನ ಪಕ್ಕ ಇಟ್ಟು ನೋಡುತ್ತೇನೆ. ಈ ಸಲ ಇನ್ನೊಂದು ಕೆಲಸವನ್ನೂ ಮಾಡಿದೆ. ಯಾರು ಯಾರ ಒಲೆ ಮುಂದೆ ಬೆಳೆದವರು ಎಂದು ಮನೆ ಮನೆಯ ವಂಶಾವಳಿ ಬರೆದೆ. ಇಪ್ಪತ್ತಾರು ಮಂದಿ ಇಳಿದು ಇಳಿದು ಒಂಬತ್ತು ಲೋಕಕ್ಕೆ ಬಂದು ನಿಂತರು.

ಗವಿಮನೆಯ ಹಿರಿಯಳು ಚೆನ್ನಾಜಮ್ಮ ಈ ಸುದ್ದಿ ಕೇಳಿ ವಿಚಾರಣೆಯ ನಡುವೆಯೇ ಎದ್ದು ನಿಂತಳು.

"ಅಂದ್ರೆ ನಮ್ಮನೆಯಿಂದ ಒಬ್ರೇನಾ? ನಾವು ನಾಲ್ಕು ಜನ ಇದೀವಲ್ಲ?"

"ಜನ ನಾಲ್ಕು. ನಿಮ್ಮನೇಲಿ ಇರೋದು ಒಂದೇ ಲೋಕ, ಚೆನ್ನಾಜಮ್ಮ. ಅಜ್ಜಿಯದು."

"ನನ್ನ ಲೋಕದಲ್ಲಿ ಆಷಾಢ ಇನ್ನೂ ತಂಪು," ಎಂದು ಮುನಿಸಿನಿಂದ ಕೂತಳು. ಪಾಪ, ಅಷ್ಟೇ ವ್ಯತ್ಯಾಸ.

ಹಾಲಪ್ಪನ ದಿನ ಚಾವಡಿ ತುಂಬಿತ್ತು, ನಗುವುದಕ್ಕೆಂದೇ ಬಂದವರಿಂದ. ಹಿಂಗಾಳಿ ಮಳೆ ಯಾವ ಯಾವ ವರ್ಷ ಬಂತು ಎಂದು ಯಾರೋ ಕೂಗಿ ಕೇಳಿದರು. ಅವನು ಕಣ್ಣು ಮುಚ್ಚಿ ಒಂದೊಂದಾಗಿ ಹೇಳಿದ. ಒಂದೂ ಸರಿಯಿರಲಿಲ್ಲ. ಮಗ್ಗದ ಬೀದಿ ಮುಳುಗಿದ ವರ್ಷ ಅವನ ಲೋಕದಲ್ಲಿ ಬರಗಾಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊದಲ ಆಯ್ಕೆಯಲ್ಲಿ ನಾನೂ ಅವರ ಜೊತೆ ನಕ್ಕಿದ್ದೆ. ಈ ಸಲ ಪುಸ್ತಕ ನೋಡಿಕೊಂಡು ಎಣಿಸಿದೆ. ತೊಂಬತ್ತು ವರ್ಷದಲ್ಲಿ ಹಿಂಗಾಳಿ ಮಳೆ ಬಂದದ್ದು ಒಂಬತ್ತು ಸಲ. ಗವಿಮನೆಯವರ ಲೋಕದಲ್ಲಿ ಒಂದು ಸಲ. ಉಳಿದವರಲ್ಲಿ ಎರಡು, ಮೂರು, ಒಬ್ಬರಲ್ಲಿ ಇಲ್ಲವೇ ಇಲ್ಲ. ಹಾಲಪ್ಪನ ಲೋಕದಲ್ಲಿ ಎಂಟು ಸಲ. ಬರುವ ತಿಂಗಳು ಸರಿ, ನಿಲ್ಲುವ ದಿನ ಸರಿ, ಮೊದಲ ಮಳೆಗೂ ಎರಡನೆಯ ಮಳೆಗೂ ನಡುವೆ ಬಿಡುವ ಹದಿನೈದು ದಿನದ ಬಿಸಿಲು ಕೂಡ ಸರಿ. ಎಲ್ಲ ವರ್ಷವೂ ಮಳೆಯನ್ನು ಒಂದು ಮುಷ್ಟಿ ಹೆಚ್ಚು ಹೇಳುತ್ತಾನೆ ನಿಜ. ಆದರೆ ಯಾವಾಗಲೂ ಅದೇ ಮುಷ್ಟಿ. ಉಪ್ಪು ಒಂದೇ ಸಮ ಹೆಚ್ಚು ಹಾಕುವ ಅಡುಗೆಯವಳ ಅಳತೆ ತಿಳಿದರೆ ತಗ್ಗಿಸಿಕೊಳ್ಳಬಹುದು. ಉಪ್ಪೆಂಬುದೇ ಗೊತ್ತಿಲ್ಲದವರಿಗೆ ಏನು ಮಾಡುವುದು?

ಲೆಕ್ಕ ಮುಗಿಸಿ ಪುಸ್ತಕ ಮುಚ್ಚಿದೆ. ಆರಿಸಬೇಕಾದವನು ಅವನು. ಹೆಸರು ಹೇಳಿದ ಗಳಿಗೆಯಿಂದ ಹನ್ನೆರಡು ವರ್ಷ ಅವನು ನನ್ನ ಗೇಟಿನೊಳಗೆ ಬರುವಂತಿಲ್ಲ. ಆಗ ಅವನಿಗೆ ಎಪ್ಪತ್ತಾರು, ಇದ್ದರೆ. ನನಗೆ ಎಪ್ಪತ್ತು, ಇದ್ದರೆ.

ಊರಿನ ಅಧ್ಯಕ್ಷೆ ಸರ್ವಮಂಗಳಮ್ಮ ನನ್ನನ್ನು ಕಚೇರಿಗೆ ಕರೆಸಿದಳು. ಕೆಟ್ಟವಳಲ್ಲ. ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವ ಹೆಂಗಸು.

"ನೋಡ್ರಮ್ಮ, ಐವರಲ್ಲಿ ಯಾರು ಹೆಚ್ಚು ಹೇಳ್ತಾರೋ ಅಷ್ಟೆತ್ತರಕ್ಕೆ ಒಡ್ಡು ಅನ್ನೋದು ನಮ್ಮ ಪದ್ಧತಿ. ಹಾಲಪ್ಪನ್ನ ಸೇರಿಸಿದ್ರೆ, ಅವನು ಹಿಂದಿನದು ಹೇಳಿದ ಲೆಕ್ಕದಲ್ಲೇ, ನೀವು ಆ ಒಂದ್ ಮುಷ್ಟಿ ಕಳೆದ್ರೂ ಹದಿನೈದು ಮೊಳ ಆಗುತ್ತೆ. ಮನೆಗೊಬ್ರು ಮೂರು ವರ್ಷ ಕಲ್ಲು ಹೊರ್ಬೇಕು. ಒಂದ್ ವರ್ಷನಾದ್ರೂ ಸರಿಯಾಗಿ ಹೇಳಿದ್ನಾ ಆ ಮನುಷ್ಯ?"

"ಲೋಕದವರ ಹತ್ರ ಇಸವಿ ಕೇಳೋದಲ್ಲ. ಎಷ್ಟು ಸಲ ಅಂತ ಕೇಳೋದು."

"ಜನಕ್ಕೆ ಅದು ಅರ್ಥ ಆಗುತ್ತಾ?"

"ನನಗೇ ಅರ್ಥ ಆಗೋಕೆ ಮೂರು ಜನ ಸಾಯಬೇಕಾಯ್ತು," ಎಂದೆ.

ಅವಳು ಎದ್ದು ಬಾಗಿಲು ಮುಂದೆ ಮಾಡಿದಳು. ಆಮೇಲೆ ದನಿ ತಗ್ಗಿಸಿ, "ಹಾಲಪ್ಪ ದಿನಾ ನಿಮ್ಮನೆಗೆ ಬರೋದು ಊರಿಗೆಲ್ಲ ಗೊತ್ತು. ಆರಿಸಿದ್ರೆ ತಮ್ಮೋರನ್ನೇ ಆರಿಸ್ಕೊಂಡ್ರು ಅಂತಾರೆ. ಬಿಟ್ಬಿಟ್ರೆ ಒಬ್ರೂ ಕೇಳಲ್ಲ," ಎಂದಳು.

ಅದು ಅವಳಿಗೆ ಸುಮ್ಮನೆ ಬಂದ ಮಾತು. ನನಗೆ ರಾತ್ರಿ ಹಗಲು ಅದೇ ಮಾತು. ಬಿಟ್ಟರೆ ಒಬ್ಬರೂ ಕೇಳುವುದಿಲ್ಲ. ಊರಿಗೆ ಸಮಾಧಾನ, ಸರ್ವಮಂಗಳಮ್ಮನಿಗೆ ಸಮಾಧಾನ, ಹೆಗಲ ಮೇಲೆ ಕಲ್ಲಿಲ್ಲ, ಸಂಜೆಗೆ ಕಾಫಿ ಇದೆ. ಹಿಂಗಾಳಿ ಮಳೆ ಈ ಹನ್ನೆರಡು ವರ್ಷದಲ್ಲಿ ಬಾರದೆಯೂ ಇರಬಹುದು. ಆಸೆಗೆ ಎಷ್ಟು ಚೆನ್ನಾಗಿ ಲೆಕ್ಕ ಬರುತ್ತದೆ ಎಂದು ಆ ದಿನಗಳಲ್ಲಿ ಗೊತ್ತಾಯಿತು. ನನಗೆ ಅವನನ್ನು ಬಿಡಬೇಕೆಂದೇ ಇತ್ತು. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಒಂದು ಮಧ್ಯಾಹ್ನ ಅವನ ಹೆಸರಿಲ್ಲದ ಪಟ್ಟಿಯನ್ನು ಬರೆದು, ಅಕ್ಷರ ಚೆನ್ನಾಗಿ ಬಂದಿದೆಯಲ್ಲ ಎಂದು ನೋಡುತ್ತಲೂ ಕೂತಿದ್ದೆ.

ಹೆಸರು ಹೇಳುವ ಹಿಂದಿನ ಸಂಜೆ ಅವನು ಬಂದ. ಕೈಯಲ್ಲಿ ಬಟ್ಟೆ ಇರಲಿಲ್ಲ. ಕುರಿ ದ್ವೀಪದಲ್ಲಿ ಇವತ್ತು ಮಂಜು, ಏನೂ ಕಾಣಲ್ಲ ಎಂದ. ಜಗಲಿಯ ಮೇಲೆ ಕೂತು ಕಾಫಿ ಕುಡಿದ. ಇನ್ನೊಂದು ಲೋಟ ಇದ್ದರೆ ಕೊಡಿ ಎಂದ. ಐದು ವರ್ಷದಲ್ಲಿ ಎರಡನೆಯ ಲೋಟ ಕೇಳಿದವನಲ್ಲ.

"ನಾಳೆ ಏನ್ ಮಾಡ್ತೀರಿ ಅಂತ ನಾನು ಕೇಳಲ್ಲ," ಎಂದ.

"ಕೇಳಬಾರದು."

"ಒಂದ್ ವಿಷ್ಯ ಮಾತ್ರ ಹೇಳ್ತೀನಿ. ಮೊದಲ್ನೇ ಸಲ ನೀವು ನನ್ನನ್ನ ಬಿಟ್ರಲ್ಲ, ಆಗ ನನಗೇನೂ ಬೇಜಾರಾಗ್ಲಿಲ್ಲ. ಕೌದಿ ಹೊಲಿಯೋದಿತ್ತು, ಹೋಗಿ ಹೊಲಿದೆ. ಆಮೇಲೆ ಪಕ್ಕದ್ಮನೆ ಅಕ್ಕತಂಗೀರು ಹೋದ್ರಲ್ಲ, ಆಗ ಆಯ್ತು. ನಿಮ್ಮ ಮೇಲಲ್ಲಮ್ಮ. ನಾನು ಇನ್ನೂ ಜೋರಾಗಿ ಹೇಳ್ಬೇಕಿತ್ತು ಅಂತ. ಜನ ನಕ್ರು ಅಂತ ನಾನೂ ನಕ್ಬಿಟ್ಟಿದ್ದೆ."

ಅವನು ಲೋಟವನ್ನು ತಾನೇ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ. ಗೇಟಿನ ಹತ್ತಿರ ಹೋಗಿ ತಿರುಗಿ ಗೋಡೆಯನ್ನು ನೋಡಿ, "ಬಿಸಿಲು ಚೆನ್ನಾಗಿದೆ ನಿಮ್ಮ ಗೋಡೆಗೆ," ಎಂದು ಹೇಳಿ ಹೋದ. ಅವನು ಹೋದ ಮೇಲೆ ನಾನು ಅತ್ತೆ. ಹದಿನಾಲ್ಕು ಮೊಳ ನೀರು ಬಂದಾಗಲೂ ಹಾಗೆ ಅತ್ತಿರಲಿಲ್ಲ. ಅತ್ತು ಮುಖ ತೊಳೆದುಕೊಂಡು ಆ ಚೆಂದದ ಪಟ್ಟಿಯನ್ನು ಒಲೆಗೆ ಹಾಕಿದೆ.

ಮರುದಿನ ಬೆಳಿಗ್ಗೆ ಚಾವಡಿಯಲ್ಲಿ ಐದು ಹೆಸರು ಹೇಳಿದೆ. ಗವಿಮನೆಯಿಂದ ಚೆನ್ನಾಜಮ್ಮ. ಬೇರೆ ಬೇರೆ ಒಲೆಯ ಮೂವರು, ಒಬ್ಬರು ಒಣ ಕಾಲ ಹೇಳುವವರು, ಒಬ್ಬರು ಸೆಕೆ ಹೆಚ್ಚೆನ್ನುವವರು, ಒಬ್ಬರು ಎರಡರ ನಡುವಿನವರು. ಐದನೆಯ ಹೆಸರು ಹೇಳುವ ಮುಂಚೆ ಒಮ್ಮೆ ಅವನ ಮುಖ ನೋಡಿದೆ. ಆಮೇಲೆ ನೋಡಬಹುದು, ಮಾತಾಡಬಾರದು ಅಷ್ಟೇ. ಆದರೆ ಮಾತಾಡಬಹುದಾದ ಮುಖವಾಗಿ ಅದನ್ನು ಇನ್ನೊಮ್ಮೆ ನೋಡಬೇಕಿತ್ತು.

"ಹಾಲಪ್ಪ," ಎಂದೆ.

ಗದ್ದಲವಾಯಿತು. ತಮ್ಮೋರನ್ನೇ ಆರಿಸಿಕೊಂಡಳು ಎಂದು ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ಮೂರು ವರ್ಷ ಕಲ್ಲು ನೀನೇ ಹೊರು ಎಂದು ಇನ್ನೊಬ್ಬ. ನಾನು ಪುಸ್ತಕ ಬಿಚ್ಚಿ ಒಂಬತ್ತು ಸಲದ ಲೆಕ್ಕವನ್ನು ಓದಿದೆ, ಯಾರ ಲೋಕದಲ್ಲಿ ಎಷ್ಟು ಎಂದು ಓದಿದೆ, ಆಮೇಲೆ ಹೋದ ಮೂವರ ಹೆಸರನ್ನು ಓದಿದೆ. ಗದ್ದಲ ನಿಂತಿತು. ಹಾಲಪ್ಪ ಎದ್ದು ಸಭೆಗೆ ಕೈ ಮುಗಿದ. ನನ್ನ ಕಡೆ ತಿರುಗಲಿಲ್ಲ. ನಿಯಮ ಶುರುವಾಗಿತ್ತು, ಅವನು ನನಗಿಂತ ಚೆನ್ನಾಗಿ ಪಾಲಿಸಿದ.

ಅಲ್ಲಿಂದ ಒಂದು ತಿಂಗಳು ನನ್ನ ಗೋಡೆಗೆ ಬಿಸಿಲು ಸುಮ್ಮನೆ ಬಿದ್ದು ಸುಮ್ಮನೆ ಹೋಯಿತು. ಸಂಜೆ ಕಾಫಿಗೆ ನೀರಿಡುವಾಗ ಡಬ್ಬದ ಮುಚ್ಚಳವನ್ನು ಬೋರಲು ಇಡುವುದು ಕಲಿತೆ. ಒಂಟಿತನ ನನಗೆ ಹೊಸದಲ್ಲ. ಆದರೆ ಮೊದಲು ಅದಕ್ಕೆ ಹೊತ್ತಿರಲಿಲ್ಲ, ಇಡೀ ದಿನ ಒಂದೇ ಸಮ ಇರುತ್ತಿತ್ತು. ಈಗ ಅದು ಐದೂವರೆಗೆ ಸರಿಯಾಗಿ ಬರುತ್ತಿತ್ತು.

ಆಯ್ಕೆಯಾದವರು ಮುಂದಿನ ಕಾಲ ಹೇಳುವ ದಿನ ಬಂತು. ಈ ದಿನ ಅವರು ಚಾವಡಿಯ ನಡುವೆ ನಿಂತು ನಮ್ಮ ತುಂಡಿನ ಮುಂದಿನ ಮಳೆ, ಸೆಕೆ, ಗಾಳಿ ಹೇಳಬೇಕು. ನಾನು ಒಂದು ಅಕ್ಷರ ಬಿಡದೆ ಬರೆದುಕೊಳ್ಳಬೇಕು, ಆಮೇಲೆ ಆ ದೊಡ್ಡ ಮಾತನ್ನು ಬೀದಿ ಬೀದಿಗೆ ಇಳಿಸಬೇಕು: ಗುಡ್ಡದ ಬೀದಿಗೆ ಇಷ್ಟು, ಮಗ್ಗದ ಬೀದಿಗೆ ಇಷ್ಟು ಎಂದು. ನಾಲ್ವರು ಹೇಳಿ ಮುಗಿಸಿದರು. ಕೊನೆಗೆ ಹಾಲಪ್ಪ ಎದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಒಂದು ತಿಂಗಳಲ್ಲಿ ಸ್ವಲ್ಪ ಸೊರಗಿದ್ದ.

"ಬಡಗಡೆ ತುದಿಯಲ್ಲಿ ಒಂದು ದ್ವೀಪ ಇದೆ," ಎಂದು ಶುರು ಮಾಡಿದ. "ಕಪ್ಪು ಬಂಡೆ, ಸುತ್ತ ಸಮುದ್ರ."

ಸಭೆಯಲ್ಲಿ ಕಿಸಕ್ಕೆಂದು ನಗು ಎದ್ದಿತು. ಸರ್ವಮಂಗಳಮ್ಮ ತಲೆಯೆತ್ತಿ, "ನಮ್ಮೂರಿಂದು ಹೇಳಿ ಸ್ವಾಮಿ," ಎಂದಳು.

"ಬರ್ತೀನಿ ಕಣಮ್ಮ. ನನ್ನದು ಲೋಕ ಸುತ್ತಿ ಬರೋ ಕ್ರಮ. ಅಲ್ಲಿ ಮುಂದಿನ ಹನ್ನೆರಡು ವರ್ಷ ಜಡಿ ಇರುತ್ತೆ, ಮಂಜೂ ಇರುತ್ತೆ. ಆದ್ರೆ ದಿನಾ ಸಂಜೆ ಒಂದು ಗಳಿಗೆ ಗಾಳಿ ನಿಲ್ಲುತ್ತೆ. ಆವಾಗ ಬಿಸಿಲು ಬರುತ್ತೆ." ಅವನು ನನ್ನ ಕಡೆ ನೋಡಲಿಲ್ಲ, ಎದುರಿನ ಗೋಡೆಯನ್ನು ನೋಡುತ್ತಿದ್ದ. "ಆವಾಗ ಕುರಿಗಳೆಲ್ಲ ಹೊರಗಡೆ ಬರ್ತಾವೆ. ಒಂಬತ್ತು ಕುರಿ."

ಆಮೇಲೆ ಅವನು ನಮ್ಮೂರಿಗೆ ಬಂದ, ಮಳೆ ಹೇಳಿದ, ಹಿಂಗಾಳಿ ಹೇಳಿದ, ಹೊಳೆ ಎಷ್ಟು ಮೊಳ ಏರುತ್ತದೆಂದು ಜೋರಾಗಿ ಹೇಳಿದ. ಯಾರೂ ನಗಲಿಲ್ಲ. ನನ್ನ ಕೆಲಸದಲ್ಲಿ, ಲೋಕದವರು ತಮಗೆ ಕಾಣಲಾರದ್ದನ್ನು ಕಂಡೆ ಎಂದರೆ ಆ ಸಾಲನ್ನು ಹೊಡೆದುಹಾಕಬೇಕು. ಇಷ್ಟು ವರ್ಷದಲ್ಲಿ ಎಷ್ಟೋ ಸಾಲುಗಳನ್ನು ಹೊಡೆದುಹಾಕಿದ್ದೇನೆ. ಅಂದು ಊರಿನ ಪುಸ್ತಕದಲ್ಲಿ, ಒಡ್ಡಿನ ಹದಿನೈದು ಮೊಳಕ್ಕಿಂತ ಮೇಲಿನ ಸಾಲಿನಲ್ಲಿ, ಒಂಬತ್ತು ಕುರಿ ಎಂದು ದುಂಡಗೆ ಬರೆದು ಹಾಗೆಯೇ ಬಿಟ್ಟೆ.